ಪಾಪವನ್ನು ಬಯಸುವ ಮನಸ್ಸು, ದೇವರನ್ನು ಅರಸುವ ಮನಸ್ಸು

ಪಾಪವು ಕೆಟ್ಟದ್ದೆಂದು ನಮಗೆ ಯಾರೂ ಹೊಸದಾಗಿ ತಿಳಿಸಬೇಕಾಗಿಲ್ಲ. ಜ್ಞಾನೋಪದೇಶದ ತರಗತಿಯಲ್ಲಿ ದೇವರ ಹತ್ತು ಕಟ್ಟಳೆಗಳನ್ನು ಬಾಯಿಪಾಠ ಮಾಡುವ ಮಗುವಿಗೂ ಅದು ಗೊತ್ತು. ಬಲಿಪೂಜೆ ಮುಗಿಯುವ ಮುನ್ನವೇ ಹಿಂದಿನ ಬಾಗಿಲಿನಿಂದ ಹೊರಟುಬಿಡುವ ಯುವಕನಿಗೂ ಗೊತ್ತು. ವಿಷವೆಂದು ತಿಳಿದ ಬಟ್ಟಲನ್ನು ಯಾರೂ ತುಟಿಗೆ ತಾಗಿಸುವುದಿಲ್ಲ. ಆದರೆ ಪಾಪವೆಂದು ತಿಳಿದದ್ದನ್ನು ಮಾತ್ರ ನಾವು ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತೇವೆ. ಪಾಪಸಂಕೀರ್ತನೆಯಲ್ಲಿ ಕಣ್ಣೀರಿಟ್ಟು ಬಿಟ್ಟುಬಂದದ್ದನ್ನೇ ಮುಂದಿನ ವಾರ ಹುಡುಕಿಕೊಂಡು ಹೋಗುತ್ತೇವೆ. ಇದೆಂತಹ ಒಗಟು! ಸಂತ ಪೌಲರೂ ರೋಮನರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಇದೇ ಒಗಟಿನ ಮುಂದೆ ನಿಂತು ನಿಟ್ಟುಸಿರು ಬಿಡುತ್ತಾರೆ. ಮನಸ್ಸು ಒಪ್ಪಿದ ಒಳಿತಿಗೆ ಕೈ ಒಗ್ಗುವುದಿಲ್ಲ, ಮನಸ್ಸು ಹೇಸುವ ಕೆಡುಕಿಗೆ ಕೈ ತಾನಾಗಿ ಚಾಚುತ್ತದೆ ಎಂಬುದು ಆ ಮಹಾಪ್ರೇಷಿತರ ಅಳಲು.

ಈ ಪ್ರಶ್ನೆಯ ಜೊತೆಗೆ ಇನ್ನೊಂದನ್ನೂ ಇಂದು ನಿಮ್ಮ ಮುಂದಿಡಬಯಸುತ್ತೇನೆ. ಓದಿ ಪಟ್ಟಣ ಸೇರಿದ ನಮ್ಮ ಮಕ್ಕಳು ಹಬ್ಬಕ್ಕೆ ಮನೆಗೆ ಬಂದಾಗ ಕೇಳುವ ಪ್ರಶ್ನೆ ಅದು: ದೇವರನ್ನು ಏಕೆ ನಂಬಬೇಕು? ನಂಬದೆಯೂ ಒಳ್ಳೆಯವರಾಗಿ ಬಾಳಬಹುದಲ್ಲವೇ? ಮೊದಲನೆಯದು ಪಾಪದ ಪ್ರಶ್ನೆ, ಎರಡನೆಯದು ವಿಶ್ವಾಸದ ಪ್ರಶ್ನೆ. ಇವೆರಡನ್ನೂ ನಾವು ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ಚರ್ಚಿಸುತ್ತೇವೆ. ಆದರೆ ಒಂದರ ಬೇರನ್ನು ಅಗೆದು ನೋಡಿದರೆ ಇನ್ನೊಂದರ ಬೇರೂ ಅಲ್ಲಿಯೇ ಸಿಗುತ್ತದೆ ಎಂಬುದು ಈ ಲೇಖನದ ಅರಿಕೆ.

ಹದಿನಾರು ಮುಖದ ಚಾವಡಿ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ ಹೆಡತಲೆ ಎಂಬ ಹಳೆಯ ಊರಿದೆ. ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯ ಅಲ್ಲಿನ ಹೆಸರಾಂತ ಕಟ್ಟಡ. ಆ ದೇವಾಲಯದಲ್ಲಿ ಹದಿನಾರು ಮುಖದ ಚಾವಡಿ ಎಂದು ಜನ ಕರೆಯುವ ಮಂಟಪವೊಂದಿದೆ. ಅದರ ಬಗ್ಗೆ ಊರಿನವರು ಹೇಳಿಕೊಂಡು ಬಂದ ಐತಿಹ್ಯವೂ ಇದೆ. ಊರನ್ನಾಳುತ್ತಿದ್ದ ಒಡೆಯನಿಗೆ ಹದಿನಾರು ಮಂದಿ ಅಳಿಯಂದಿರಿದ್ದರಂತೆ. ಅವರನ್ನು ಒಟ್ಟಿಗೆ ಕೂರಿಸುವಾಗ ಯಾರು ಮುಂದೆ, ಯಾರು ಹಿಂದೆ ಎಂಬ ಮಾತು ಬರಬಾರದೆಂದು, ಒಬ್ಬೊಬ್ಬರಿಗೂ ಒಂದೊಂದು ಮುಖವಿರುವಂತೆ, ಎಲ್ಲರಿಗೂ ಸಮಾನ ಗೌರವ ಸಲ್ಲುವಂತೆ ಆ ಚಾವಡಿಯನ್ನು ಕಟ್ಟಿಸಿದನಂತೆ.

ಇದು ಐತಿಹ್ಯವೇ ಇರಬಹುದು. ಆದರೆ ಇದನ್ನು ಹೇಳಿಕೊಂಡು ಬಂದವರಿಗೆ ಮನುಷ್ಯನ ಸ್ವಭಾವ ಚೆನ್ನಾಗಿ ತಿಳಿದಿತ್ತು. ಮಾವನಾದವನು ಜಾಣ, ಕಲ್ಲಿನಲ್ಲಿ ಮಾಡಬಹುದಾದ ನ್ಯಾಯವನ್ನು ಮಾಡಿದ. ಆದರೆ ಕಲ್ಲುಕುಟಿಗನ ಉಳಿ ಪೀಠಗಳನ್ನು ಸಮ ಮಾಡಬಲ್ಲುದೇ ಹೊರತು ಕಣ್ಣುಗಳನ್ನು ಸಮ ಮಾಡಲಾರದು. ಸಮಾನವಾದ ಪೀಠದಲ್ಲಿ ಕುಳಿತವನ ಕಣ್ಣೂ ಪಕ್ಕದವನ ಎಲೆಗೆ ಏನು ಬಡಿಸಿದರು ಎಂಬುದರ ಮೇಲೆಯೇ ಇರುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲಿ ಏನು ಕಡಿಮೆ? ಹಬ್ಬದ ತೇರಿಗೆ ಯಾರು ಮೊದಲು ಕೈ ಕೊಡಬೇಕು, ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಹೊಸ ಗಂಟೆಯ ಮೇಲೆ ಯಾವ ಮನೆತನದ ಹೆಸರು ಕೆತ್ತಬೇಕು ಎಂಬ ಮಾತಿಗೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳು ಇಲ್ಲವೇ?

ಒಂದು ಕ್ಷಣ ನಿಂತು ಕೇಳೋಣ. ಆ ಅಳಿಯಂದಿರು ಬಯಸಿದ್ದೇನು? ಗೌರವ. ಗೌರವವು ಕೆಟ್ಟದ್ದೇ? ಖಂಡಿತವಾಗಿಯೂ ಅಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ತನಗೊಂದು ಮರ್ಯಾದೆ ಇರಲಿ ಎಂದು ಬಯಸುವುದು ಸಹಜ. ನಾನೊಬ್ಬನಿದ್ದೇನೆ, ನನ್ನನ್ನು ಯಾರಾದರೂ ಗುರುತಿಸಲಿ ಎಂಬ ಹಂಬಲವನ್ನು ನಮ್ಮೊಳಗೆ ಇಟ್ಟವನು ಸೃಷ್ಟಿಕರ್ತನೇ. ಪಾಪ ಆರಂಭವಾಗುವುದು ಆಮೇಲೆ. ನನ್ನ ಎಲೆ ತುಂಬಿದರೆ ಸಾಕು ಎಂಬುದು ಹೋಗಿ, ಅವನ ಎಲೆಗಿಂತ ಹೆಚ್ಚು ತುಂಬಬೇಕು ಎಂಬುದು ಬಂದಾಗ. ಕೊನೆಗೆ ನನ್ನದು ಬರಿದಾದರೂ ಚಿಂತೆಯಿಲ್ಲ, ಅವನದು ತುಂಬಬಾರದು ಎಂಬಲ್ಲಿಗೆ ಮುಟ್ಟಿದಾಗ.

ಆದಿಕಾಂಡದಲ್ಲಿ ಬರುವ ಮೊದಲನೆಯ ಕೊಲೆಯನ್ನು ನೆನೆಯಿರಿ. ಕಾಯಿನನು ಹೇಬೆಲನನ್ನು ಕೊಂದದ್ದು ಹೊಲದ ಗಡಿಗಾಗಿ ಅಲ್ಲ, ಹಣಕ್ಕಾಗಿ ಅಲ್ಲ. ದೇವರು ತನ್ನ ಕಾಣಿಕೆಯನ್ನು ಮೆಚ್ಚಬೇಕೆಂಬ ಆಸೆ ಅವನಿಗಿತ್ತು. ಅದಕ್ಕಿಂತ ಒಳ್ಳೆಯ ಆಸೆ ಯಾವುದಿದೆ? ಆ ಒಳ್ಳೆಯ ಆಸೆಯೇ ತಮ್ಮನ ಕಾಣಿಕೆಯನ್ನು ಕಂಡು ಹುಳಿಯಾಯಿತು. ಕೃತ್ಯಕ್ಕೆ ಮುನ್ನ ದೇವರು ಅವನನ್ನು ಎಚ್ಚರಿಸುತ್ತಾರೆ: ಪಾಪವು ಬಾಗಿಲಲ್ಲಿ ಹೊಂಚುಹಾಕಿ ಕುಳಿತಿದೆ, ಆದರೆ ಅದನ್ನು ಆಳುವುದು ಅವನ ಕೈಯಲ್ಲಿಯೇ ಇದೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಬಯಕೆ ಬಂದದ್ದಕ್ಕಾಗಿ ದೇವರು ಕಾಯಿನನನ್ನು ಶಪಿಸಲಿಲ್ಲ. ಬಯಕೆಯ ಒಡೆಯನಾಗು ಎಂದರು.

ಒಳಿತಿನ ವೇಷ

ಹೊಯ್ಸಳರು ಈ ನಾಡಿನಲ್ಲಿ ಗುಡಿಗಳನ್ನು ಕಟ್ಟಿಸುತ್ತಿದ್ದ ಹದಿಮೂರನೆಯ ಶತಮಾನದಲ್ಲಿಯೇ ಯೂರೋಪಿನಲ್ಲಿ ಬಾಳಿದ ಸಂತ ಥಾಮಸ್ ಅಕ್ವಿನಾಸರು (1225–1274) ಈ ವಿಷಯವನ್ನು ಬಹಳ ತಾಳ್ಮೆಯಿಂದ ವಿಚಾರ ಮಾಡಿದರು. ಮನುಷ್ಯನ ಇಚ್ಛೆ ಕೆಡುಕನ್ನು ಕೆಡುಕೆಂದೇ ಬಯಸಲಾರದು. ಯಾವುದಾದರೊಂದು ಒಳಿತಿನ ಮುಖ ಅದಕ್ಕೆ ಕಂಡಾಗಲೇ ಅತ್ತ ಹೊರಳುತ್ತದೆ ಎಂಬುದು ಅವರ ನಿಲುವು. ಏದೆನ್ ತೋಟದ ವೃತ್ತಾಂತವೂ ಹೀಗೆಯೇ ಇದೆ. ಆ ಮರದ ಹಣ್ಣು ಹವ್ವಳಿಗೆ ಉಣ್ಣಲು ಒಳ್ಳೆಯದಾಗಿ, ನೋಡಲು ಅಂದವಾಗಿ, ಅರಿವನ್ನು ಕೊಡುವಂಥದ್ದಾಗಿ ಕಂಡಿತು. ಆಹಾರ, ಅಂದ, ಅರಿವು: ಮೂರೂ ಒಳ್ಳೆಯವೇ, ಮೂರೂ ದೇವರ ವರಗಳೇ. ಸರ್ಪವು ಹೊಸದೊಂದು ಒಳಿತನ್ನು ಸೃಷ್ಟಿಸಲಿಲ್ಲ. ಇದ್ದ ಒಳಿತನ್ನೇ ಅದರ ತಾವಿನಿಂದ ಕಿತ್ತು ತೋರಿಸಿತು.

ನಮ್ಮ ನಿತ್ಯದ ಬಾಳಿಗೇ ಬರೋಣ. ಕಬಿನಿ ನಾಲೆಯ ಬಯಲಿನಲ್ಲಿ ನೀರಿನ ಪಾಳಿ ಎಂದರೇನೆಂದು ರೈತ ಕುಟುಂಬಗಳಿಗೆ ಹೇಳಬೇಕಾಗಿಲ್ಲ. ನಡುರಾತ್ರಿ ಎದ್ದು, ಪಕ್ಕದವನ ಪಾಳಿಯ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಳ್ಳುವವನು ಬಯಸುವುದೇನು? ತನ್ನ ಪೈರು ಒಣಗದಿರಲಿ, ಮಗಳ ಕಾಲೇಜಿನ ಶುಲ್ಕಕ್ಕೆ ದಾರಿಯಾಗಲಿ ಎಂಬುದನ್ನು. ವರ್ಷಕ್ಕೊಂದು ಸಾಲಿನಂತೆ ಬದುವನ್ನು ಒತ್ತುತ್ತ ಹೋಗುವವನು ಬಯಸುವುದು ಮಕ್ಕಳಿಗೊಂದಿಷ್ಟು ಭದ್ರತೆ. ಚಾಡಿ ಹೇಳುವವರು ಬಯಸುವುದು ತಮ್ಮ ಮಾತಿಗೆ ನಾಲ್ಕು ಕಿವಿ. ಕುಡುಕ ಬಯಸುವುದು ಒಂದು ರಾತ್ರಿಯ ನೆಮ್ಮದಿ. ಮೊಬೈಲ್ ಫೋನಿನಲ್ಲಿ ಹಣ ಕಟ್ಟಿ ಜೂಜಾಡುವ ಯುವಕ ಬಯಸುವುದು ಸಾಲದಿಂದ ಬಿಡುಗಡೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟ್ ತಿಂಗಳಿನಲ್ಲಿ ಅಂಗೀಕರಿಸಿತು. ಅಂತಹ ಕಾನೂನು ಬೇಕು. ಆದರೆ ಕಾನೂನು ಆಟದ ಬಾಗಿಲನ್ನು ಮುಚ್ಚಬಲ್ಲುದು. ಒಂದೇ ಏಟಿಗೆ ಎಲ್ಲವೂ ಸರಿಹೋಗಲಿ ಎಂಬ ಆಸೆಯ ಬಾಗಿಲನ್ನು ಮುಚ್ಚುವ ಅಗುಳಿ ಅದರ ಬಳಿ ಇಲ್ಲ.

ಆದ್ದರಿಂದ ಹೆತ್ತವರಲ್ಲಿ ಒಂದು ವಿನಂತಿ. ಪಾಪದಲ್ಲಿ ರುಚಿಯೇ ಇಲ್ಲವೆಂದು ಮಕ್ಕಳಿಗೆ ಹೇಳಬೇಡಿ. ಅದರಲ್ಲಿ ರುಚಿಯಿದೆ ಎಂಬುದು ಅವರಿಗೆ ಬೇಗನೆ ತಿಳಿಯುತ್ತದೆ. ಆಗ ಅವರು ನಮ್ಮ ಆ ಒಂದು ಮಾತನ್ನಷ್ಟೇ ಅಲ್ಲ, ನಾವು ಹೇಳಿಕೊಟ್ಟ ವಿಶ್ವಾಸವನ್ನೂ ಸುಳ್ಳೆಂದು ಬಗೆಯುತ್ತಾರೆ. ಸತ್ಯವನ್ನೇ ಹೇಳೋಣ: ನೀನು ಅಲ್ಲಿ ಹುಡುಕುತ್ತಿರುವುದು ನಿಜವಾದ ಒಳಿತು, ಆದರೆ ಆ ಸ್ಥಳದಲ್ಲಿ ಅದು ನಿನಗೆ ದಕ್ಕುವುದಿಲ್ಲ.

ಹಸಿವಿಲ್ಲದ ಕಳ್ಳತನ

ಇಲ್ಲಿ ಯಾರಾದರೂ ಆಕ್ಷೇಪಿಸಬಹುದು. ಹಸಿದವನು ಕದ್ದರೆ ಒಳಿತನ್ನು ಬಯಸಿದ ಎನ್ನೋಣ. ಆದರೆ ಯಾವ ಲಾಭವೂ ಇಲ್ಲದೆ, ಕೆಡುಕಿನ ಖುಷಿಗೆಂದೇ ಕೆಡುಕನ್ನು ಮಾಡುವವರು ಇಲ್ಲವೇ? ಇದ್ದಾರೆ. ಈ ಆಕ್ಷೇಪವನ್ನು ಎಲ್ಲರಿಗಿಂತ ಕಟುವಾಗಿ ತಮ್ಮ ಮೇಲೆಯೇ ಹಾಕಿಕೊಂಡವರು ಸಂತ ಅಗಸ್ಟೀನರು. ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ 354ರಲ್ಲಿ ಹುಟ್ಟಿದ ಅವರು ತಮ್ಮ ಹದಿನಾರನೆಯ ವಯಸ್ಸಿನ ಒಂದು ರಾತ್ರಿಯನ್ನು ತಮ್ಮ ನಿವೇದನೆಗಳ ಗ್ರಂಥದ ಎರಡನೆಯ ಭಾಗದಲ್ಲಿ ವಿಚಾರಣೆಗೆ ಒಳಪಡಿಸುತ್ತಾರೆ. ಗೆಳೆಯರೊಡನೆ ಹೋಗಿ ನೆರೆಯ ತೋಟದ ಪೇರ್ ಹಣ್ಣುಗಳನ್ನು ಉದುರಿಸಿ ಕದ್ದರು. ಹಸಿವಿರಲಿಲ್ಲ, ತಮ್ಮ ಬಳಿ ಅದಕ್ಕಿಂತ ಒಳ್ಳೆಯ ಹಣ್ಣುಗಳಿದ್ದವು. ಕದ್ದದ್ದರಲ್ಲಿ ಬಹುಪಾಲನ್ನು ಹಂದಿಗಳಿಗೆ ಎಸೆದರು. ಹಾಗಾದರೆ ಕದ್ದದ್ದೇಕೆ?

ಮುಂದೆ ಧರ್ಮಾಧ್ಯಕ್ಷರಾದ ಆ ಮಹಾಜ್ಞಾನಿ ಒಂದು ಹುಡುಗಾಟದ ಮೇಲೆ ಇಷ್ಟೊಂದು ಪುಟಗಳನ್ನು ಬರೆದದ್ದು ಕೆಲವರಿಗೆ ಅತಿಯೆನಿಸಬಹುದು. ಆದರೆ ಅವರು ಆ ಹುಡುಗಾಟದ ತಳದಲ್ಲಿ ಎರಡು ಸಂಗತಿಗಳನ್ನು ಕಂಡರು. ಒಂಟಿಯಾಗಿದ್ದರೆ ತಾವು ಆ ಕೆಲಸ ಮಾಡುತ್ತಿರಲಿಲ್ಲ ಎಂಬುದು ಮೊದಲನೆಯದು. ಅಂದರೆ ಅಲ್ಲಿ ಗೆಳೆತನದ ಹಸಿವಿತ್ತು. ಗುಂಪಿನಿಂದ ಹೊರಗುಳಿಯುವ ನಾಚಿಕೆಯಿತ್ತು. ಬೇಡವೆಂದದ್ದನ್ನು ಮಾಡಿಯೂ ಯಾರಿಗೂ ಉತ್ತರ ಹೇಳಬೇಕಾಗಿಲ್ಲ ಎಂಬ ಸುಖ ಎರಡನೆಯದು. ಯಾರಿಗೂ ಉತ್ತರ ಹೇಳಬೇಕಿಲ್ಲದವನು ದೇವರೊಬ್ಬನೇ. ಆ ಕತ್ತಲೆಯ ತೋಟದಲ್ಲಿ ಒಬ್ಬ ಹುಡುಗ ದೇವರ ಸ್ವಾತಂತ್ರ್ಯದ ಸೋಗು ಹಾಕಿದ್ದ. ನಿಜವಾದ ಗೆಳೆತನ, ನಿಜವಾದ ಸ್ವಾತಂತ್ರ್ಯ ಇವೆರಡೂ ಒಳಿತುಗಳೇ. ಹಾಗಾಗಿ ಹಸಿವಿಲ್ಲದ ಕಳ್ಳತನದ ಹಿಂದೆಯೂ ಒಂದು ಹಸಿವಿದೆ. ಅದು ಹೊಟ್ಟೆಯದಲ್ಲ, ಅಷ್ಟೇ.

ಹಿಟ್ಟಿನ ಕೋಳಿ

ಇದೇ ವಿಷಯವನ್ನು ನಮ್ಮ ಕನ್ನಡದಲ್ಲಿಯೂ ಒಬ್ಬ ಕವಿ ಆಳವಾಗಿ ಕಂಡಿದ್ದಾನೆ. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದ ಜನ್ನನು 1209ರಲ್ಲಿ ಯಶೋಧರ ಚರಿತೆಯನ್ನು ಬರೆದನು. ಜನ್ನ ಜೈನ ಕವಿ. ಕಥೆಯನ್ನು ನಿಮ್ಮಲ್ಲಿ ಅನೇಕರು ಶಾಲೆ ಕಾಲೇಜುಗಳಲ್ಲಿ ಓದಿರಬಹುದು. ರಾಣಿ ಅಮೃತಮತಿ ಸುಂದರನಾದ ಅರಸ ಯಶೋಧರನ ಮಗ್ಗುಲಲ್ಲಿ ಮಲಗಿದ್ದಾಗ, ಆನೆಯ ಲಾಯದಿಂದ ಮಾವುತನೊಬ್ಬನ ಹಾಡು ತೇಲಿಬರುತ್ತದೆ. ಆ ಹಾಡಿಗೆ ಅವಳು ಮನಸೋಲುತ್ತಾಳೆ. ಹಾಡಿದವನು ಅಂದಗೇಡಿ, ಮೈ ಸೊಟ್ಟಗಾದವನು ಎಂದು ತಿಳಿದ ಮೇಲೂ ಅವಳ ಮನಸ್ಸು ಹಿಂದಿರುಗುವುದಿಲ್ಲ. ಕಥೆ ಮುಂದುವರಿದು, ಅವಳು ತನ್ನ ಗಂಡನಿಗೂ ಅತ್ತೆಗೂ ವಿಷವಿಕ್ಕುವಲ್ಲಿಗೆ ಮುಟ್ಟುತ್ತದೆ.

ಓದುಗರೇ, ಈ ಪತನದ ಮೊದಲ ಮೆಟ್ಟಿಲು ಯಾವುದೆಂದು ನೋಡಿದಿರಾ? ಒಂದು ಇಂಪಾದ ಹಾಡು! ಸಂಗೀತಕ್ಕೆ ಮನಸೋಲುವುದು ಪಾಪವಲ್ಲ. ಜನ್ನನು ಪಾಪದ ಬೀಜವನ್ನು ಹೊಲಸಿನಲ್ಲಿ ತೋರಿಸಲಿಲ್ಲ, ಸೊಗಸಿನಲ್ಲಿ ತೋರಿಸಿದ. ಮೊದಲ ಮೆಟ್ಟಿಲಿಗೂ ಕೊನೆಯ ಮೆಟ್ಟಿಲಿಗೂ ಎಷ್ಟೊಂದು ದೂರ! ಆದರೆ ನಡುವಿನ ಪ್ರತಿಯೊಂದು ಮೆಟ್ಟಿಲೂ ಹಿಂದಿನದಕ್ಕಿಂತ ಒಂದಿಷ್ಟೇ ಕೆಳಗಿತ್ತು.

ಅರಸನ ಕಥೆ ಇನ್ನೂ ಸೂಕ್ಷ್ಮವಾದದ್ದು. ಹೆಂಡತಿಯ ದ್ರೋಹವನ್ನು ಕಣ್ಣಾರೆ ಕಂಡು ಕತ್ತಿ ಎತ್ತಿದವನು, ತನ್ನನ್ನು ತಾನು ತಡೆದುಕೊಳ್ಳುತ್ತಾನೆ. ಮಗನ ಕಳವಳಕ್ಕೆ ಕೆಟ್ಟ ಕನಸು ಕಾರಣವೆಂದು ತಿಳಿದ ತಾಯಿ ಚಂದ್ರಮತಿ, ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ಪಟ್ಟುಹಿಡಿಯುತ್ತಾಳೆ. ಅಹಿಂಸೆಯನ್ನು ನಂಬಿದ ಅರಸ ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನಿಂದ ಕೋಳಿಯೊಂದನ್ನು ಮಾಡಿ ಬಲಿಕೊಡುವ ರಾಜಿಯಾಗುತ್ತದೆ. ಹಿಟ್ಟಿನ ಕೋಳಿಗೆ ಕತ್ತಿ ಬಿದ್ದಾಗ ಅದು ಕೂಗುತ್ತದೆ. ಆ ಒಂದು ಸಂಕಲ್ಪ ಹಿಂಸೆಗಾಗಿ ತಾಯಿಯೂ ಮಗನೂ ಪ್ರಾಣಿಗಳಾಗಿ ಜನ್ಮಜನ್ಮಾಂತರಗಳಲ್ಲಿ ನೋಯುತ್ತಾರೆ. ಗಿರೀಶ ಕಾರ್ನಾಡರ ಹಿಟ್ಟಿನ ಹುಂಜ ನಾಟಕಕ್ಕೂ ಈ ಕಥೆಯೇ ಆಧಾರ.

ಜನ್ಮಾಂತರದ ಸಿದ್ಧಾಂತ ನಮ್ಮ ಧರ್ಮಸಭೆಯ ಬೋಧನೆಯಲ್ಲ. ಆದರೆ ಕೈಯಲ್ಲಿ ಹರಿಯದ ರಕ್ತ ಮನಸ್ಸಿನಲ್ಲಿ ಹರಿಯಬಲ್ಲುದು ಎಂಬ ಆ ಕವಿಯ ಅರಿವು ನಮಗೆ ಪರಕೀಯವೇನೂ ಅಲ್ಲ. ಕೊಲೆಯನ್ನು ಕೋಪದಲ್ಲಿಯೂ ವ್ಯಭಿಚಾರವನ್ನು ನೋಟದಲ್ಲಿಯೂ ಗುರುತಿಸಿದ ಪ್ರಭು ಯೇಸುವಿನ ಪರ್ವತಬೋಧನೆಯನ್ನು ನೆನೆಯಿರಿ. ನಮ್ಮ ಮನೆಗಳಲ್ಲಿ ಎಷ್ಟು ಹಿಟ್ಟಿನ ಕೋಳಿಗಳಿವೆ ಎಂದು ಎಣಿಸಿಕೊಳ್ಳೋಣ. ನಾನು ಯಾರಿಗೂ ಏನೂ ಮಾಡಲಿಲ್ಲ, ಬರೀ ಪರದೆಯ ಮೇಲೆ ನೋಡಿದೆ. ನಾನು ಅವಳನ್ನು ಹೊಡೆಯಲಿಲ್ಲ, ಮನಸ್ಸಿನಲ್ಲಿ ಮಾತ್ರ ಶಪಿಸಿದೆ. ನಾನು ಅವನ ಕೆಲಸ ಕೆಡಿಸಲಿಲ್ಲ, ಕೆಟ್ಟಾಗ ಒಳಗೊಳಗೇ ಹಿಗ್ಗಿದೆ, ಅಷ್ಟೇ. ಹಿಟ್ಟಿನದಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೂ ಒಳಗೆ ಏನೋ ಒಂದು ಕೂಗುತ್ತದೆ. ಆ ಕೂಗಿನ ಬಳಿಗೆ ಮತ್ತೆ ಬರೋಣ.

ನೀರಿನ ನಡುವೆ ಬಾಯಾರಿಕೆ

ನಂಜನಗೂಡಿನ ರಸಬಾಳೆಯ ಹೆಸರು ಕೇಳದ ಕನ್ನಡಿಗರು ಕಡಿಮೆ. ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದ ಆ ಹಣ್ಣು, ಒಂದು ಕಾಲದಲ್ಲಿ ಆ ಸೀಮೆಯ ತೋಟಗಳ ತುಂಬ ಇದ್ದದ್ದು, ಬರಬರುತ್ತ ಅಪರೂಪವಾಯಿತು. ಪನಾಮಾ ಸೊರಗು ರೋಗ ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಮಣ್ಣಿನಲ್ಲಿರುವ ಶಿಲೀಂಧ್ರವೊಂದು ಬೇರಿನ ಮೂಲಕ ಗಿಡವನ್ನು ಹೊಕ್ಕು, ನೀರನ್ನು ಮೇಲಕ್ಕೆ ಸಾಗಿಸುವ ಒಳನಾಳಗಳನ್ನು ಕಟ್ಟಿಬಿಡುತ್ತದೆ. ಬುಡದಲ್ಲಿ ನೀರು ನಿಂತಿದ್ದರೂ ಎಲೆ ಹಳದಿಯಾಗಿ ಜೋಲುತ್ತದೆ. ಬಾಳೆ ಸಾಯುವುದು ನೀರಿಲ್ಲದ್ದರಿಂದಲ್ಲ. ಇರುವ ನೀರು ಏರದ್ದರಿಂದ. ಆ ಶಿಲೀಂಧ್ರ ಬಾಳೆಯಿಲ್ಲದ ಮಣ್ಣಿನಲ್ಲಿಯೂ ಎಷ್ಟೋ ವರ್ಷ ಉಳಿದಿದ್ದು, ಹೊಸ ಗಿಡಕ್ಕಾಗಿ ಕಾಯುತ್ತದೆ.

ಪಾಪದ ಕೆಲಸವೂ ಹೀಗೆಯೇ. ಅದು ನಮ್ಮ ಬಾಯಾರಿಕೆಯನ್ನು ಸೃಷ್ಟಿಸಿದ್ದಲ್ಲ, ಬಾಯಾರಿಕೆ ದೇವರದ್ದು. ನೀರೂ ದೇವರದ್ದೇ. ಪಾಪವು ಮಾಡುವುದು ಇಷ್ಟೇ: ನಡುವಿನ ದಾರಿಯನ್ನು ಕಟ್ಟುತ್ತದೆ. ಆಮೇಲೆ ಎಷ್ಟು ಗಳಿಸಿದರೂ ಸಾಲದು, ಎಷ್ಟು ಹೊಗಳಿಸಿಕೊಂಡರೂ ಸಾಲದು. ನೀರು ತಿರುಗಿಸಿಕೊಂಡವನ ಗದ್ದೆ ಹಸಿರಾಗುತ್ತದೆ. ಆದರೆ ಮರುದಿನ ನಾಲೆಯ ಏರಿಯ ಮೇಲೆ ನೆರೆಯವನು ಎದುರಾದಾಗ ಅವನ ಕಣ್ಣು ತಗ್ಗುತ್ತದೆ. ಮಕ್ಕಳ ಭದ್ರತೆಗೆಂದು ಬದು ಒತ್ತಿದವನು ಆ ಮಕ್ಕಳಿಗೆ ಬಿಟ್ಟುಹೋಗುವುದು ಒಂದು ಸಾಲು ಮಣ್ಣನ್ನೂ ಮೂರು ತಲೆಮಾರಿನ ಹಗೆಯನ್ನೂ. ಬಯಸಿದ್ದು ಭದ್ರತೆ, ದೊರೆತದ್ದು ಭಯ. ಪಾಪದಲ್ಲಿ ಮೋಸ ಹೋಗುವವನು ನೆರೆಯವನೊಬ್ಬನೇ ಅಲ್ಲ. ಎಲ್ಲರಿಗಿಂತ ಹೆಚ್ಚು ಮೋಸ ಹೋಗುವುದು ನಮ್ಮ ಬಯಕೆಯೇ.

ನಂಬುವುದಕ್ಕೆ ಕಾರಣಗಳು

ಈಗ ನಮ್ಮ ಎರಡನೆಯ ಪ್ರಶ್ನೆಗೆ ಬರೋಣ. ದೇವರನ್ನು ಏಕೆ ನಂಬಬೇಕು? ಮೇಲೆ ಕಂಡ ಸಂಗತಿಗಳಲ್ಲಿಯೇ ಮೂರು ಕಾರಣಗಳು ಅಡಗಿವೆ. ಇವು ಗಣಿತದ ಸಾಧನೆಗಳಲ್ಲ. ಆದರೆ ಪ್ರಾಮಾಣಿಕನಾದವನು ತಳ್ಳಿಹಾಕಲಾಗದ ಸೂಚನೆಗಳು.

ಮೊದಲನೆಯದು ನಮ್ಮ ಬಯಕೆಯ ಅಳತೆ. ಹುಲ್ಲು ಮೇದ ಹಸು ಮಲಗಿ ಮೆಲುಕು ಹಾಕುತ್ತದೆ. ಉಂಡ ಮನುಷ್ಯನಿಗೆ ಮಾತ್ರ ಅಲ್ಲಿಂದ ಮುಂದೆ ಇನ್ನೊಂದು ಹಸಿವು ಆರಂಭವಾಗುತ್ತದೆ. ಹದಿನಾರು ಪೀಠ ಕೊಟ್ಟರೂ ಗೌರವದ ಹಸಿವು ಇಂಗುವುದಿಲ್ಲವೆಂದರೆ, ಆ ಹಸಿವು ಪೀಠಕ್ಕಾಗಿ ಹುಟ್ಟಿದ್ದಲ್ಲ ಎಂದಾಯಿತು. ಯಾರೂ ಕಸಿದುಕೊಳ್ಳಲಾಗದ, ಯಾರ ಪಾಲನ್ನೂ ಕಡಿಮೆ ಮಾಡದೆ ನಮಗೆ ಸಲ್ಲುವ ಮನ್ನಣೆಯೊಂದನ್ನು ನಾವು ಹುಡುಕುತ್ತಿದ್ದೇವೆ. ತಂದೆಯೊಬ್ಬನು ತನ್ನ ಪ್ರತಿಯೊಂದು ಮಗುವನ್ನೂ ಹೆಸರು ಹಿಡಿದು ಪ್ರೀತಿಸುವ ಮನ್ನಣೆ ಅದು. ಇಷ್ಟು ದೊಡ್ಡ ಬಾಯಾರಿಕೆಯನ್ನು ಹೊತ್ತ ಜೀವಿಗೆ ಎಲ್ಲಿಯೂ ನೀರೇ ಇಲ್ಲ ಎಂದು ನಂಬುವುದು, ನೀರಿದೆ ಎಂದು ನಂಬುವುದಕ್ಕಿಂತ ಸುಲಭವೇನಲ್ಲ.

ಎರಡನೆಯದು ಹಿಟ್ಟಿನ ಕೋಳಿಯ ಕೂಗು, ಅಂದರೆ ಮನಸ್ಸಾಕ್ಷಿ. 2019ರಲ್ಲಿ ಸಂತರೆಂದು ಘೋಷಿತರಾದ ಕಾರ್ಡಿನಲ್ ಜಾನ್ ಹೆನ್ರಿ ನ್ಯೂಮನ್ನರು 1870ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ವಿಚಾರವನ್ನು ಬೆಳೆಸಿದರು. ಯಾರೂ ಕಾಣದಾಗಲೂ ತಪ್ಪು ಮಾಡಿದವನಿಗೆ ನಾಚಿಕೆಯಾಗುತ್ತದೆ. ಕಲ್ಲಿನ ಮುಂದೆ, ಮರದ ಮುಂದೆ ಯಾರೂ ನಾಚುವುದಿಲ್ಲ. ನಾಚಿಕೆ ಎನ್ನುವುದು ಒಬ್ಬ ವ್ಯಕ್ತಿಯ ಮುಂದೆ ಆಗುವಂಥದ್ದು. ಹಾಗಾದರೆ ನಡುರಾತ್ರಿಯ ಗದ್ದೆಯಲ್ಲಿ ಅವನು ನಾಚಿದ್ದು ಯಾರ ಮುಂದೆ? ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ, ಮನಸ್ಸಾಕ್ಷಿಯು ಮಾನವನು ದೇವರೊಡನೆ ಒಂಟಿಯಾಗಿರುವ ಅಂತರಂಗದ ಗುಡಿ ಎಂಬ ಅರ್ಥದ ಬೋಧನೆಯನ್ನು ನೀಡಿತು. ಕೂಡಿ ಬಾಳುವ ಜೀವಿಗಳಲ್ಲಿ ಮನಸ್ಸಾಕ್ಷಿ ಕಾಲಕ್ರಮದಲ್ಲಿ ಬೆಳೆದುಬಂದಿದೆ, ಅದರಲ್ಲಿ ದೇವರೇನೂ ಇಲ್ಲ ಎಂದು ಇಂದು ಹೇಳುವವರಿದ್ದಾರೆ. ಬೆಳೆದುಬಂದಿರಬಹುದು. ಕಿವಿಯೂ ಹಾಗೆಯೇ ಬೆಳೆದುಬಂತು. ಅದರಿಂದ ಶಬ್ದವೇ ಇಲ್ಲ ಎಂದಾಗುತ್ತದೆಯೇ?

ಮೂರನೆಯದು ಕ್ಷಮೆಯ ಅಗತ್ಯ. ಕಾವೇರಿ ಮತ್ತು ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ 1989ರಿಂದ ಮೂರು ವರ್ಷಗಳಿಗೊಮ್ಮೆ ಕುಂಭಮೇಳ ಏರ್ಪಡುತ್ತ ಬಂದಿದೆ. ನಮ್ಮ ಹಿಂದೂ ಸಹೋದರ ಸಹೋದರಿಯರು ಆ ಸಂಗಮದ ನೀರಿನಲ್ಲಿ ಮಿಂದು ತಮ್ಮ ಪಾಪವನ್ನು ತೊಳೆದುಕೊಳ್ಳಲು ಹಂಬಲಿಸುತ್ತಾರೆ. ಅವರ ಮಾರ್ಗ ನಮ್ಮ ಮಾರ್ಗವಲ್ಲ. ಆದರೆ ಆ ಹಂಬಲ ನಮ್ಮದೂ ಹೌದು. ಏಕೆ ಈ ಹಂಬಲ? ನಾವು ಅನ್ಯಾಯ ಮಾಡಿದ ನೆರೆಯವನು ಸತ್ತುಹೋಗಿರಬಹುದು. ನೋಯಿಸಿದ ತಾಯಿ ಗೋರಿ ಸೇರಿರಬಹುದು. ಅವರ ಪರವಾಗಿ ಕ್ಷಮಿಸುವ ಅಧಿಕಾರ ನಮಗೂ ಇಲ್ಲ, ಊರ ಪಂಚಾಯಿತಿಗೂ ಇಲ್ಲ. ಆದರೂ ಕ್ಷಮೆ ಬೇಕು, ಅದಿಲ್ಲದೆ ಬಾಳಲಾಗದು. ಸತ್ತವರಿಗೂ ಬದುಕಿದವರಿಗೂ ಒಡೆಯನಾದ ಒಬ್ಬನಿದ್ದರೆ ಮಾತ್ರ ಆ ಸಾಲ ತೀರುತ್ತದೆ. ಅಂತಹ ಒಬ್ಬನಿದ್ದಾನೆ, ಮಗನು ಇನ್ನೂ ದೂರದಲ್ಲಿರುವಾಗಲೇ ಅವನನ್ನು ಕಂಡು ಓಡಿಬರುತ್ತಾನೆ ಎಂಬುದು ಪ್ರಭು ಯೇಸು ದುಂದುಗಾರ ಮಗನ ಸಾಮತಿಯಲ್ಲಿ ನಮಗಿತ್ತ ಶುಭಸಂದೇಶ. ಆ ಮಗನು ಹೊರಟದ್ದೂ ಒಂದು ಹಸಿವಿನಿಂದ, ಹಿಂದಿರುಗಿದ್ದೂ ಒಂದು ಹಸಿವಿನಿಂದ.

ನಂಬದ ಸಜ್ಜನರು

ದೇವರನ್ನು ನಂಬದೆಯೂ ಒಳ್ಳೆಯವರಾಗಿ ಬಾಳಿದವರ ಮಾತೇನು? ಅವರನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಶತಾಯುಷಿಗಳಾಗಿ 2003ರಲ್ಲಿ ತೀರಿಕೊಂಡ ಎ. ಎನ್. ಮೂರ್ತಿರಾಯರು ದೇವರು ಎಂಬ ತಮ್ಮ ಕೃತಿಯಲ್ಲಿ ದೇವರ ಅಸ್ತಿತ್ವವನ್ನೇ ಪ್ರಶ್ನಿಸಿದರು. ಅವರ ಸಜ್ಜನಿಕೆಯನ್ನು ಯಾರೂ ಪ್ರಶ್ನಿಸಲಿಲ್ಲ. ಡಾ. ಎಚ್. ನರಸಿಂಹಯ್ಯನವರು (1920–2005) ಪವಾಡಗಳನ್ನು ವಿಚಾರಣೆಗೆ ಒಡ್ಡಿದ ವಿಚಾರವಾದಿ. ಅವರ ಸರಳ ಜೀವನ ಎಷ್ಟೋ ಆಸ್ತಿಕರನ್ನು ನಾಚಿಸುವಂತಿತ್ತು. ಇತ್ತ, ಪ್ರತಿ ಭಾನುವಾರ ಪರಮಪ್ರಸಾದ ಸ್ವೀಕರಿಸಿಯೂ ನೆರೆಯವನ ಬದು ಒತ್ತುವವರನ್ನು ನಾವು ಬಲ್ಲೆವು. ಆದ್ದರಿಂದ ನಂಬಿದವರು ಒಳ್ಳೆಯವರು, ನಂಬದವರು ಕೆಟ್ಟವರು ಎಂಬ ಗೆರೆಯನ್ನು ಎಳೆಯಲು ಬರುವುದಿಲ್ಲ. ಮನಸ್ಸಾಕ್ಷಿಯ ದನಿಯನ್ನು ಪಾಲಿಸಿದವನು, ಆ ದನಿಯ ಒಡೆಯನನ್ನು ಹೆಸರಿಡಿದು ಕರೆಯದಿದ್ದರೂ, ಅವನಿಂದ ದೂರವಿಲ್ಲ ಎಂದೇ ನಾವು ಭರವಸೆಯಿಡಬೇಕು.

ಹಾಗಾದರೆ ವಿಶ್ವಾಸದಿಂದ ಆಗುವ ಲಾಭವೇನು ಎಂದು ಮಕ್ಕಳು ಕೇಳಿದರೆ, ನರಕದ ಭಯವನ್ನು ಮುಂದಿಡಬೇಡಿ; ಪರೀಕ್ಷೆಯ ಅಂಕಗಳ ಆಸೆಯನ್ನೂ ಮುಂದಿಡಬೇಡಿ. ಭಯದಿಂದ ನಂಬಿದವನು ಭಯ ಹೋದಂದು ಬಿಟ್ಟುಬಿಡುತ್ತಾನೆ; ಲಾಭಕ್ಕೆ ನಂಬಿದವನು ನಷ್ಟವಾದಂದು ಬಿಟ್ಟುಬಿಡುತ್ತಾನೆ. ಸಜ್ಜನನಾದ ನಾಸ್ತಿಕನಿಗೆ ಬಿದ್ದಾಗ ಎದ್ದು ನಿಲ್ಲುವ ಧೈರ್ಯವಿರಬಹುದು. ವಿಶ್ವಾಸಿಗೆ ಅದರ ಜೊತೆಗೆ ಕೈ ಹಿಡಿದು ಎತ್ತುವವನೊಬ್ಬನಿದ್ದಾನೆ. ವ್ಯತ್ಯಾಸ ಇರುವುದು ಬೀಳುವುದರಲ್ಲಿ ಅಲ್ಲ, ಏಳುವುದರಲ್ಲಿ.

ಇಂದಿನಿಂದ ಮಾಡಬಹುದಾದದ್ದು

ಪ್ರಿಯ ಓದುಗರೇ, ವಿಚಾರ ಆಚಾರಕ್ಕೆ ಇಳಿಯದಿದ್ದರೆ ಅದು ಒಣಮಾತು. ಪಾಪದ ಬಯಕೆ ಬಂದಾಗ ನಾವು ಎರಡು ಕೆಲಸಗಳಲ್ಲೊಂದನ್ನು ಮಾಡುತ್ತೇವೆ: ಒಂದೋ ಅದಕ್ಕೆ ಶರಣಾಗುತ್ತೇವೆ, ಇಲ್ಲವೇ ಅದನ್ನು ಹತ್ತಿಕ್ಕಿ ನಮ್ಮನ್ನೇ ಹಳಿದುಕೊಳ್ಳುತ್ತೇವೆ. ಮೂರನೆಯ ದಾರಿಯೊಂದಿದೆ. ಆ ಬಯಕೆಯನ್ನು ಎದುರಿಗೆ ಕೂರಿಸಿಕೊಂಡು ಕೇಳಿರಿ: ನೀನು ನಿಜವಾಗಿಯೂ ಹುಡುಕುತ್ತಿರುವುದು ಏನನ್ನು? ಅಸೂಯೆಯನ್ನು ಕೇಳಿದರೆ, ನನ್ನನ್ನು ಯಾರೂ ಗುರುತಿಸುತ್ತಿಲ್ಲ ಎಂದು ಅದು ಅಳುತ್ತದೆ. ಕುಡಿತವನ್ನು ಕೇಳಿದರೆ, ನನಗೆ ದಣಿವಾಗಿದೆ ಎನ್ನುತ್ತದೆ. ಕೆಟ್ಟ ನೋಟವನ್ನು ಕೇಳಿದರೆ, ನನಗೆ ಒಂಟಿತನ ಎನ್ನುತ್ತದೆ. ಆ ಉತ್ತರ ಬಂದಂದೇ ಅರ್ಧ ಯುದ್ಧ ಗೆದ್ದಂತೆ. ಏಕೆಂದರೆ ಗುರುತಿಸುವಿಕೆ, ವಿಶ್ರಾಂತಿ, ಒಡನಾಟ ಇವುಗಳನ್ನು ಕೊಡುವ ನಿಜವಾದ ತಾವುಗಳಿವೆ: ಗಂಡ ಹೆಂಡಿರ ನಡುವಿನ ಬಿಚ್ಚುಮನದ ಮಾತು, ಮಕ್ಕಳೊಡನೆ ಕುಳಿತು ಉಣ್ಣುವ ಊಟ, ಪಾಪಸಂಕೀರ್ತನೆಯ ಪೀಠ, ಪ್ರಭುವಿನ ಭೋಜನದ ಮೇಜು.

ಮನೆಯಲ್ಲಿ ಸಂಜೆಯ ಜಪಸರದ ಬಳಿಕ ಐದು ನಿಮಿಷ ಇದಕ್ಕಾಗಿ ಮೀಸಲಿಡಿ. ಮಗ ಸುಳ್ಳು ಹೇಳಿದ್ದರೆ, ಏಕೆ ಸುಳ್ಳು ಹೇಳಿದೆ ಎಂದು ಗದರಿಸುವುದಕ್ಕೆ ಮುಂಚೆ, ಸತ್ಯ ಹೇಳಿದ್ದರೆ ಏನನ್ನು ಕಳೆದುಕೊಳ್ಳುತ್ತಿದ್ದೆ ಎಂದು ಕೇಳಿ. ಅವನು ಹೇಳುವ ಉತ್ತರದಲ್ಲಿ ನಮ್ಮ ಮನೆಗೇ ಒಂದು ಪಾಠವಿರಬಹುದು: ನಮ್ಮ ಪ್ರೀತಿಯನ್ನು ಕಳೆದುಕೊಳ್ಳುವ ಭಯ ಅವನಿಗಿದ್ದಿರಬಹುದು. ಆ ಭಯವನ್ನು ನೀಗಿಸಿದ ಮನೆಯಲ್ಲಿ ಸುಳ್ಳಿಗೆ ಕೆಲಸವಿರುವುದಿಲ್ಲ. ತಂದೆಯ ಮುಖದಲ್ಲಿ ಕ್ಷಮೆಯನ್ನು ಕಂಡ ಮಗುವಿಗೆ, ಪರಲೋಕದ ತಂದೆಯೊಬ್ಬನಿದ್ದಾನೆ ಎಂದು ನಂಬುವುದು ಕಷ್ಟವಾಗುವುದಿಲ್ಲ.